68 ತಂಡ ಸಾಕೇ, 76 ಬೇಕೇ? ಮಾರ್ಚ್ ಮ್ಯಾಡ್‌ನೆಸ್‌ನ ಲೆಕ್ಕಾಚಾರ

2025ರ ಆಗಸ್ಟ್‌ನಲ್ಲಿ ಎನ್‌ಸಿಎಎ ಒಂದು ನಿರ್ಧಾರ ಪ್ರಕಟಿಸಿತು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಇದು. ಮಾರ್ಚ್ ಮ್ಯಾಡ್‌ನೆಸ್ ಎಂದು ಕರೆಯುವ ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ 2026ರಲ್ಲೂ 68 ತಂಡಗಳೇ ಆಡುತ್ತವೆ, ಸದ್ಯಕ್ಕೆ ಸಂಖ್ಯೆ ಏರಿಸುವುದಿಲ್ಲ ಎಂದು ಅದು ಹೇಳಿತು. ಅದಕ್ಕೂ ಮುಂಚೆ 72 ಮಾಡೋಣವೇ, 76 ಮಾಡೋಣವೇ ಎಂದು ತಿಂಗಳುಗಟ್ಟಲೆ ಚರ್ಚೆ ನಡೆದಿತ್ತು. 2027ರಿಂದ ಮುಂದಕ್ಕೆ ಏನು ಅನ್ನುವ ಪ್ರಶ್ನೆಯನ್ನು ತೆರೆದೇ ಇಟ್ಟರು.

ದೂರದಿಂದ ನೋಡುವವರಿಗೆ ಇದರಲ್ಲಿ ತಲೆ ಕೆಡಿಸಿಕೊಳ್ಳೋಕೆ ಏನಿದೆ ಅನಿಸಬಹುದು. ಎಂಟು ತಂಡ ಜಾಸ್ತಿ ಆದರೆ ಯಾರ ಗಂಟು ಹೋಗುತ್ತದೆ? ಇನ್ನಷ್ಟು ಹುಡುಗರಿಗೆ ಅವಕಾಶ ಸಿಗುತ್ತದೆ ಅಲ್ವಾ? ಸಿಗುತ್ತದೆ, ನಿಜ. ಆದರೆ ಯಾವ ಹುಡುಗರಿಗೆ ಸಿಗುತ್ತದೆ, ಅದರ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಅನ್ನೋದನ್ನು ಬಿಡಿಸಿ ನೋಡಿದಾಗ ಚಿತ್ರ ಬೇರೆಯೇ ಕಾಣುತ್ತದೆ. ಅಮೆರಿಕದಲ್ಲಿರುವ ನಮ್ಮವರು ಎಷ್ಟೋ ಜನ ಪ್ರತಿ ಮಾರ್ಚ್‌ನಲ್ಲಿ ಆಫೀಸಿನವರ ಜೊತೆ ಕೂತು ಈ ಟೂರ್ನಿಯ ಬ್ರಾಕೆಟ್, ಅಂದರೆ ಯಾವ ಪಂದ್ಯ ಯಾರು ಗೆಲ್ಲುತ್ತಾರೆ ಎಂದು ಊಹಿಸಿ ಬರೆಯುವ ಪಟ್ಟಿ, ತುಂಬುತ್ತಾರೆ. ಆ ಕಾಗದದ ಹಿಂದೆ ಎಂಬತ್ತಕ್ಕೂ ಹೆಚ್ಚು ವರ್ಷಗಳ ಜಗಳ, ಹೊಂದಾಣಿಕೆ ಎರಡೂ ಇವೆ.

ಮೊದಲು ಟೂರ್ನಿ ಹೇಗೆ ನಡೆಯುತ್ತದೆ ನೋಡೋಣ. ಎನ್‌ಸಿಎಎಯ ಮೇಲಿನ ದರ್ಜೆಗೆ ಡಿವಿಷನ್ ಒನ್ ಎಂದು ಹೆಸರು. ಅದರಲ್ಲಿ 360ಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ಇವು ಮೂವತ್ತಕ್ಕೂ ಹೆಚ್ಚು ಗುಂಪುಗಳಲ್ಲಿ ಹಂಚಿಹೋಗಿವೆ. ಈ ಗುಂಪುಗಳಿಗೆ ಕಾನ್ಫರೆನ್ಸ್ ಅನ್ನುತ್ತಾರೆ. ಎಸ್‌ಇಸಿ, ಬಿಗ್ ಟೆನ್, ಬಿಗ್ 12, ಎಸಿಸಿ ಇವು ದುಡ್ಡು, ಹೆಸರು, ದೊಡ್ಡ ಕ್ರೀಡಾಂಗಣ ಎಲ್ಲ ಇರುವ ಕಾನ್ಫರೆನ್ಸ್‌ಗಳು. ಉಳಿದವುಗಳಲ್ಲಿ ಬಹುಪಾಲು ಚಿಕ್ಕವು. ಬಸ್ಸಿನಲ್ಲಿ ಗಂಟೆಗಟ್ಟಲೆ ಹೋಗಿ, ಆಡಿ, ಅದೇ ಬಸ್ಸಿನಲ್ಲಿ ರಾತ್ರಿ ವಾಪಸ್ ಬರುವ ತಂಡಗಳು ಅಲ್ಲಿ ಬೇಕಾದಷ್ಟಿವೆ.

ನವೆಂಬರ್‌ನಿಂದ ಮಾರ್ಚ್ ಆರಂಭದವರೆಗೆ ಮಾಮೂಲಿ ಪಂದ್ಯಗಳು. ಆಮೇಲೆ ಪ್ರತಿ ಕಾನ್ಫರೆನ್ಸ್ ತನ್ನದೇ ಒಂದು ಚಿಕ್ಕ ಟೂರ್ನಿ ನಡೆಸುತ್ತದೆ. ಅದನ್ನು ಗೆದ್ದ ತಂಡಕ್ಕೆ ರಾಷ್ಟ್ರೀಯ ಟೂರ್ನಿಯಲ್ಲಿ ನೇರ ಸ್ಥಾನ. 2025ರಲ್ಲಿ ಹೀಗೆ ಬಂದ ತಂಡಗಳು 31. ಉಳಿದ 37 ಸ್ಥಾನಗಳನ್ನು ಒಂದು ಆಯ್ಕೆ ಸಮಿತಿ ತುಂಬುತ್ತದೆ. ಯಾರು ಯಾರನ್ನು ಸೋಲಿಸಿದರು, ಎಲ್ಲಿ ಸೋಲಿಸಿದರು ಎಂಬುದನ್ನೆಲ್ಲ ತೂಗಿ ನೋಡಿ ಸಮಿತಿ ತೀರ್ಮಾನಿಸುತ್ತದೆ. ಆಮೇಲೆ ಎಲ್ಲರನ್ನೂ ನಾಲ್ಕು ಭಾಗಗಳಿಗೆ ಹಂಚಿ, ಪ್ರತಿ ಭಾಗದಲ್ಲಿ 1ರಿಂದ 16ರವರೆಗೆ ಸೀಡ್, ಅಂದರೆ ಬಲದ ಪ್ರಕಾರ ಕ್ರಮಾಂಕ, ಕೊಡುತ್ತಾರೆ. 1ನೇ ಸೀಡ್‌ಗೆ 16ನೇ ಸೀಡ್ ಎದುರಾಳಿ, 5ಕ್ಕೆ 12. ಸೋತರೆ ಮನೆಗೆ. ಎರಡನೇ ಅವಕಾಶ ಇಲ್ಲ.

ಇಲ್ಲೊಂದು ಸರಳ ಲೆಕ್ಕ ಇದೆ. ನಾಕೌಟ್‌ನಲ್ಲಿ ಒಂದು ಪಂದ್ಯ ಒಂದು ತಂಡವನ್ನು ಹೊರಗೆ ಹಾಕುತ್ತದೆ. ಕೊನೆಗೆ ಒಂದೇ ತಂಡ ಉಳಿಯಬೇಕು. ಹಾಗಾಗಿ 68 ತಂಡಗಳಿದ್ದರೆ 67 ಪಂದ್ಯ ಬೇಕು. 64 ತಂಡಗಳಿದ್ದರೆ 63. ಈ 64ರಲ್ಲಿ ಒಂದು ಅನುಕೂಲ ಇದೆ. 64, 32, 16, 8, 4, 2 ಎಂದು ಅರ್ಧ ಅರ್ಧ ಆಗುತ್ತಾ ಹೋಗುತ್ತದೆ. ಎಲ್ಲರೂ ಒಂದೇ ದಿನಗಳಲ್ಲಿ ಶುರು ಮಾಡುತ್ತಾರೆ, ಚಾಂಪಿಯನ್ ಆಗೋಕೆ ಎಲ್ಲರಿಗೂ ಆರೇ ಗೆಲುವು ಬೇಕು. 64ಕ್ಕಿಂತ ಒಂದು ತಂಡ ಜಾಸ್ತಿ ಆದರೂ ಈ ಸಮಾನತೆ ಕೆಡುತ್ತದೆ. ಯಾರೋ ಇಬ್ಬರು ಮೊದಲೇ ಬಂದು ಆಡಿ, ಒಬ್ಬರು ಉಳಿದುಕೊಂಡು, ಆಮೇಲೆ ಉಳಿದವರ ಸಾಲಿಗೆ ಸೇರಬೇಕು.

68 ತಂಡಗಳಿದ್ದಾಗ ಹೆಚ್ಚಿಗೆ ಇರುವುದು ನಾಲ್ಕು. ಆ ನಾಲ್ಕನ್ನು ಕಳೆಯೋಕೆ ನಾಲ್ಕು ಪಂದ್ಯ ಬೇಕು. ನಾಲ್ಕು ಪಂದ್ಯ ಅಂದರೆ ಎಂಟು ತಂಡಗಳು. 76 ಮಾಡಿದರೆ ಹೆಚ್ಚಿಗೆ ಇರುವುದು 12, ಪಂದ್ಯಗಳು 12, ಮೊದಲೇ ಬಂದು ಆಡಬೇಕಾದ ತಂಡಗಳು 24. ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಸೇರಿಸಿದ್ದು ಬರೀ ಎಂಟು ತಂಡ. ಆದರೆ ಮುಂಚಿತ ಸುತ್ತಿನಲ್ಲಿ ಆಡುವವರು 8ರಿಂದ 24ಕ್ಕೆ ಏರಿದರು. ಅಂದರೆ ಹೊಸದಾಗಿ ಬಂದ ಎಂಟು ತಂಡಗಳ ಜೊತೆಗೆ, ಹಳೇ ಪದ್ಧತಿಯಲ್ಲಿ ನೇರವಾಗಿ ಮುಖ್ಯ ಸುತ್ತಿಗೆ ಹೋಗುತ್ತಿದ್ದ ಇನ್ನೂ ಎಂಟು ತಂಡಗಳು ಕೆಳಗೆ ಇಳಿದವು. ಎಷ್ಟು ತಂಡ ಸೇರಿದವು ಎಂದು ಎಲ್ಲರೂ ಕೇಳುತ್ತಾರೆ. ಯಾರು ಕೆಳಗೆ ಇಳಿದರು ಎಂದು ಕೇಳುವವರು ಕಡಿಮೆ. ನನಗೆ ಎರಡನೆಯದೇ ಮುಖ್ಯ ಅನಿಸುತ್ತದೆ.

ಒಂದು ಸೋಲು ಬದಲಿಸಿದ ನಿಯಮ

ಟೂರ್ನಿ ಶುರುವಾದದ್ದು 1939ರಲ್ಲಿ, ಎಂಟೇ ತಂಡಗಳಿಂದ. ಮೊದಲ ಫೈನಲ್‌ನಲ್ಲಿ ಒರೆಗಾನ್ ತಂಡ ಒಹಾಯೊ ಸ್ಟೇಟ್ ತಂಡವನ್ನು 46-33ರಿಂದ ಸೋಲಿಸಿತು. ಆಗ ಇದಕ್ಕಿಂತ ಎನ್‌ಐಟಿ ಎಂಬ ಇನ್ನೊಂದು ಟೂರ್ನಿಗೆ ಹೆಸರು ಜಾಸ್ತಿ ಇತ್ತು. ಅದು ಒಂದು ವರ್ಷ ಮುಂಚೆ, 1938ರಲ್ಲಿ, ನ್ಯೂಯಾರ್ಕ್‌ನಲ್ಲಿ ಶುರುವಾಗಿತ್ತು. 1951ರಲ್ಲಿ ಎನ್‌ಸಿಎಎ ಟೂರ್ನಿ 16 ತಂಡಗಳಿಗೆ ಏರಿತು. 1953ರಿಂದ 1974ರವರೆಗೆ 22ರಿಂದ 25ರ ನಡುವೆ ಓಡಾಡಿತು.

ಆ ಕಾಲದಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಒಂದು ಕಾನ್ಫರೆನ್ಸ್‌ನಿಂದ ಒಂದೇ ತಂಡ. ನೀವು ದೇಶದಲ್ಲೇ ಎರಡನೇ ಅತ್ಯುತ್ತಮ ತಂಡ ಆಗಿರಬಹುದು. ಮೊದಲನೆಯ ತಂಡ ನಿಮ್ಮದೇ ಕಾನ್ಫರೆನ್ಸ್‌ನಲ್ಲಿದ್ದರೆ ನಿಮಗೆ ಜಾಗ ಇಲ್ಲ. 1971ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ 26 ಪಂದ್ಯಗಳಲ್ಲಿ 24 ಗೆದ್ದಿತ್ತು. ಸೋತ ಎರಡೂ ಪಂದ್ಯ ಯುಸಿಎಲ್‌ಎ ವಿರುದ್ಧ. ಯುಸಿಎಲ್‌ಎ ಅದೇ ಕಾನ್ಫರೆನ್ಸ್‌ನ ತಂಡ. ಹಾಗಾಗಿ ಸದರ್ನ್ ಕ್ಯಾಲಿಫೋರ್ನಿಯಾ ಟೂರ್ನಿಗೆ ಬರಲೇ ಇಲ್ಲ.

ಆದರೆ ನಿಯಮವನ್ನು ಮುರಿದದ್ದು 1974ರ ಮಾರ್ಚ್‌ನ ಒಂದು ಪಂದ್ಯ. ನಾರ್ತ್ ಕೆರೊಲಿನಾದ ಗ್ರೀನ್ಸ್‌ಬೊರೊದಲ್ಲಿ ಎಸಿಸಿ ಫೈನಲ್. ಒಂದು ಕಡೆ ನಾರ್ತ್ ಕೆರೊಲಿನಾ ಸ್ಟೇಟ್, ಇನ್ನೊಂದು ಕಡೆ ಮೇರಿಲ್ಯಾಂಡ್. ಎರಡೂ ತಂಡಗಳು ದೇಶದ ಮೊದಲ ಐದರೊಳಗೆ ಇದ್ದವು. ಸ್ಟೇಟ್ ತಂಡದಲ್ಲಿ ಡೇವಿಡ್ ಥಾಮ್ಸನ್, ಏಳಡಿಗೂ ಮೀರಿದ ಟಾಮ್ ಬರ್ಲ್‌ಸನ್. ಮೇರಿಲ್ಯಾಂಡ್‌ನಲ್ಲಿ ಲೆನ್ ಎಲ್‌ಮೋರ್, ಟಾಮ್ ಮೆಕ್‌ಮಿಲನ್, ಜಾನ್ ಲ್ಯೂಕಸ್. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಬರ್ಲ್‌ಸನ್ ಒಬ್ಬರೇ 38 ಅಂಕ ಗಳಿಸಿದರು. ಸ್ಟೇಟ್ 103-100ರಿಂದ ಗೆದ್ದಿತು. ಆಗ ಮೂರು ಅಂಕದ ಗೆರೆ ಇರಲಿಲ್ಲ, ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕು ಅನ್ನುವ ಶಾಟ್ ಕ್ಲಾಕ್ ಇರಲಿಲ್ಲ ಅನ್ನೋದನ್ನು ನೆನಪಿಟ್ಟುಕೊಂಡು ಈ ಸ್ಕೋರ್ ಓದಬೇಕು.

ಗೆದ್ದ ತಂಡ ಮುಂದೆ ಯುಸಿಎಲ್‌ಎಯ ಏಳು ವರ್ಷಗಳ ಸತತ ಪ್ರಶಸ್ತಿಗಳ ಓಟವನ್ನು ಸೆಮಿಫೈನಲ್‌ನಲ್ಲಿ ನಿಲ್ಲಿಸಿತು. ಅದೇ ಗ್ರೀನ್ಸ್‌ಬೊರೊದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಅಂಥ ತಂಡವನ್ನು ಹೆಚ್ಚುವರಿ ಅವಧಿಯವರೆಗೆ ಎಳೆದುಕೊಂಡು ಹೋಗಿದ್ದ ಮೇರಿಲ್ಯಾಂಡ್ ಮಾತ್ರ ಟೂರ್ನಿಯಲ್ಲೇ ಇರಲಿಲ್ಲ. ಇದು ಅನ್ಯಾಯ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮರುವರ್ಷವೇ, 1975ರಲ್ಲಿ, ಟೂರ್ನಿ 32 ತಂಡಗಳಿಗೆ ಏರಿತು. ಒಂದು ಕಾನ್ಫರೆನ್ಸ್‌ನಿಂದ ಎರಡನೇ ತಂಡಕ್ಕೂ ಅವಕಾಶ ಸಿಕ್ಕಿತು. 1980ರಲ್ಲಿ ಆ ಮಿತಿಯನ್ನೂ ತೆಗೆದರು.

1975ರ ಬದಲಾವಣೆಗೆ ಒಂದು ಸ್ಪಷ್ಟ ಕಾರಣ ಇತ್ತು ಅನ್ನೋದು ಮುಖ್ಯ. ಪ್ರಶಸ್ತಿ ಗೆಲ್ಲುವ ಶಕ್ತಿ ಇದ್ದ ತಂಡ ಹೊರಗೆ ಉಳಿದಿತ್ತು. ಅದನ್ನು ಒಳಗೆ ತರಲು ಬಾಗಿಲು ಅಗಲ ಮಾಡಿದರು. ಮುಂದಿನ ಪ್ರತಿ ಬದಲಾವಣೆಯನ್ನೂ ನಾನು ಇದರ ಪಕ್ಕ ಇಟ್ಟು ನೋಡುತ್ತೇನೆ.

1979ರಲ್ಲಿ 40 ತಂಡ, ಜೊತೆಗೆ ಎಲ್ಲರಿಗೂ ಸೀಡ್. ಅದೇ ವರ್ಷ ಮುಂದೆ ದೊಡ್ಡ ತಾರೆಗಳಾದ ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಫೈನಲ್‌ನಲ್ಲಿ ಎದುರುಬದುರಾದರು, ದೇಶವೇ ಟಿವಿ ಮುಂದೆ ಕೂತಿತು. 1980ರಲ್ಲಿ 48. 1983ರಲ್ಲಿ 52, 1984ರಲ್ಲಿ 53. 1985ರಲ್ಲಿ 64. ಹೊಸ ರೂಪದ ಮೊದಲ ವರ್ಷವೇ 8ನೇ ಸೀಡ್ ವಿಲ್ಲನೋವಾ ಫೈನಲ್‌ನಲ್ಲಿ ಬಲಿಷ್ಠ ಜಾರ್ಜ್‌ಟೌನ್ ತಂಡವನ್ನು 66-64ರಿಂದ ಸೋಲಿಸಿತು. ಅಷ್ಟು ಕೆಳಗಿನ ಸೀಡ್‌ನ ತಂಡ ಅದಕ್ಕೂ ಮುಂಚೆ ಗೆದ್ದಿರಲಿಲ್ಲ, ಆಮೇಲೂ 2025ರವರೆಗೆ ಗೆದ್ದಿಲ್ಲ. 64 ತಂಡಗಳ ಈ ರೂಪ ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಒಂದೇ ಹಾಳೆಯಲ್ಲಿ ಹಿಡಿಯುವ ಚೊಕ್ಕ ಬ್ರಾಕೆಟ್, ಗುರುವಾರ ಮತ್ತು ಶುಕ್ರವಾರ ಬೆಳಗ್ಗಿಂದ ರಾತ್ರಿವರೆಗೆ ಪಂದ್ಯಗಳು. ಮಾರ್ಚ್ ಮ್ಯಾಡ್‌ನೆಸ್ ಅಂದರೆ ಇದೇ ಎಂದಾಯಿತು.

65, 68, ಮತ್ತು ನಿಂತುಹೋದ 96

2001ರಲ್ಲಿ 65 ಆಯಿತು. ಇದರ ಕಾರಣ ಸ್ವಲ್ಪ ವಿಚಿತ್ರ. ಕೆಲವು ಕಾಲೇಜುಗಳು ಹಳೆಯ ಕಾನ್ಫರೆನ್ಸ್ ಬಿಟ್ಟು ಹೊರಬಂದು 1999ರಲ್ಲಿ ಮೌಂಟನ್ ವೆಸ್ಟ್ ಎಂಬ ಹೊಸ ಕಾನ್ಫರೆನ್ಸ್ ಕಟ್ಟಿದವು. ಅದರ ಚಾಂಪಿಯನ್‌ಗೂ ನೇರ ಸ್ಥಾನ ಕೊಡಬೇಕಾಯಿತು. ಆಗ ಇದ್ದ ದಾರಿ ಎರಡು. ಸಮಿತಿ ಕೊಡುವ 34 ಸ್ಥಾನಗಳಲ್ಲಿ ಒಂದನ್ನು ಕಡಿಮೆ ಮಾಡುವುದು, ಇಲ್ಲವೇ ಒಂದು ತಂಡ ಸೇರಿಸುವುದು. ಸಮಿತಿ ಕೊಡುವ ಸ್ಥಾನಗಳಲ್ಲಿ ಹೆಚ್ಚಿನವು ದೊಡ್ಡ ಕಾನ್ಫರೆನ್ಸ್‌ಗಳಿಗೇ ಹೋಗುತ್ತವೆ. ಅವರು ಒಂದನ್ನೂ ಬಿಟ್ಟುಕೊಡುವ ಮನಸ್ಸು ಮಾಡಲಿಲ್ಲ. ಹಾಗಾಗಿ 65ನೇ ತಂಡ ಸೇರಿತು. ಹೆಚ್ಚಿನ ಆ ಒಂದು ಪಂದ್ಯವನ್ನು ಆಡಬೇಕಾದವರು ಯಾರು? ಅತ್ಯಂತ ಕೆಳಗಿನ ಸೀಡ್‌ನ ಇಬ್ಬರು ಚಿಕ್ಕ ಚಾಂಪಿಯನ್‌ಗಳು. ಒಹಾಯೊದ ಡೇಟನ್ ನಗರದಲ್ಲಿ, ಮಂಗಳವಾರ ರಾತ್ರಿ.

ಇದು ನನಗೆ ಸರಿ ಕಾಣುವುದಿಲ್ಲ. ಆ ಎರಡೂ ತಂಡಗಳು ತಮ್ಮ ಕಾನ್ಫರೆನ್ಸ್ ಗೆದ್ದು ಬಂದವು. ದೊಡ್ಡ ಕಾನ್ಫರೆನ್ಸ್‌ನ ಏಳನೇ ತಂಡದ ಸ್ಥಾನ ಉಳಿಸಲು ಗೆದ್ದು ಬಂದವರು ಹೆಚ್ಚಿಗೆ ಒಂದು ಪಂದ್ಯ ಆಡಬೇಕಾಯಿತು.

2010ರಲ್ಲಿ ಒಮ್ಮೆಲೇ 96 ತಂಡ ಮಾಡುವ ಯೋಜನೆ ಬಂತು. ಲೆಕ್ಕ ಹಾಕಿ: 96ರಲ್ಲಿ 64ಕ್ಕಿಂತ ಹೆಚ್ಚಿರುವುದು 32. ಅಂದರೆ 64 ತಂಡಗಳು ಮುಂಚಿತ ಸುತ್ತು ಆಡಬೇಕು, ಮೇಲಿನ 32 ತಂಡಗಳಿಗೆ ಬೈ, ಅಂದರೆ ಆ ಸುತ್ತು ಆಡದೆಯೇ ಮುಂದಕ್ಕೆ ಹೋಗುವ ಅವಕಾಶ. ಜನರಿಗೆ ಇದು ಇಷ್ಟವಾಗಲಿಲ್ಲ. ಹುಡುಗರ ತರಗತಿಗಳು ಎಷ್ಟು ದಿನ ತಪ್ಪುತ್ತವೆ ಎಂದು ಪತ್ರಕರ್ತರು ಕೇಳಿದರು. ಕೊನೆಗೆ ಆ ಏಪ್ರಿಲ್‌ನಲ್ಲಿ ಸಿಬಿಎಸ್ ಮತ್ತು ಟರ್ನರ್ ಜೊತೆ 14 ವರ್ಷಗಳಿಗೆ 1,080 ಕೋಟಿ ಡಾಲರ್‌ನ ಟಿವಿ ಒಪ್ಪಂದ ಆಯಿತು. ಟೂರ್ನಿ 68ಕ್ಕೆ ನಿಂತಿತು.

2011ರ ಈ 68ರಲ್ಲಿ ಒಂದು ಒಳ್ಳೆಯ ಯೋಚನೆ ಇತ್ತು. ಮುಂಚಿತ ಸುತ್ತಿಗೆ ಫಸ್ಟ್ ಫೋರ್ ಎಂದು ಹೆಸರಿಟ್ಟರು. ನಾಲ್ಕು ಪಂದ್ಯಗಳಲ್ಲಿ ಎರಡು ಕೆಳಗಿನ ನಾಲ್ಕು ಚಾಂಪಿಯನ್‌ಗಳ ನಡುವೆ. ಇನ್ನೆರಡು ಸಮಿತಿ ಕೊನೆಯದಾಗಿ ಆರಿಸಿದ ನಾಲ್ಕು ತಂಡಗಳ ನಡುವೆ. ಹೊರೆ ಎರಡೂ ಕಡೆ ಅರ್ಧ ಅರ್ಧ. ಮೊದಲ ವರ್ಷವೇ ಇದಕ್ಕೆ ಬೆಲೆ ಬಂತು. ವರ್ಜೀನಿಯಾ ಕಾಮನ್‌ವೆಲ್ತ್ ಎಂಬ ತಂಡಕ್ಕೆ ಸ್ಥಾನ ಕೊಟ್ಟದ್ದೇ ತಪ್ಪು ಎಂದು ಟಿವಿ ಪರಿಣತರು ಬೈದಿದ್ದರು. ಆ ತಂಡ ಡೇಟನ್‌ನಲ್ಲಿ ಗೆದ್ದು, ಜಾರ್ಜ್‌ಟೌನ್, ಪರ್ಡ್ಯೂ, ಫ್ಲಾರಿಡಾ ಸ್ಟೇಟ್ ತಂಡಗಳನ್ನು ದಾಟಿ, 1ನೇ ಸೀಡ್ ಕ್ಯಾನ್ಸಸ್ ತಂಡವನ್ನೂ ಸೋಲಿಸಿ, ಕೊನೆಯ ನಾಲ್ಕರಲ್ಲಿ ನಿಂತಿತು. 2021ರಲ್ಲಿ ಯುಸಿಎಲ್‌ಎ ಕೂಡ ಫಸ್ಟ್ ಫೋರ್‌ನಿಂದ ಹೊರಟು ಅದೇ ಹಂತ ತಲುಪಿತು.

ಸಂಖ್ಯೆ ಹೆಚ್ಚಿಸಬೇಕು ಅನ್ನುವವರ ಕೈಯಲ್ಲಿರುವ ಅತ್ಯುತ್ತಮ ಉದಾಹರಣೆ ಇದು, ನಾನೂ ಒಪ್ಪುತ್ತೇನೆ. ಸಮಿತಿಯ ಪಟ್ಟಿಯ ಕೊನೆಯಲ್ಲಿದ್ದ ತಂಡ ಅಷ್ಟು ದೂರ ಹೋಗಬಲ್ಲದು ಎಂದು ಯಾರಿಗೆ ಗೊತ್ತಿತ್ತು? ಆದರೆ ಒಂದು ಮಾತು ಗಮನಿಸಬೇಕು. ವರ್ಜೀನಿಯಾ ಕಾಮನ್‌ವೆಲ್ತ್ ದೊಡ್ಡ ಕಾನ್ಫರೆನ್ಸ್‌ನ ತಂಡ ಆಗಿರಲಿಲ್ಲ. ಹೊಸ ಸ್ಥಾನಗಳು ಇಂಥ ತಂಡಗಳಿಗೆ ಹೋಗುತ್ತವೆ ಎಂಬ ಖಾತ್ರಿ ಇದ್ದಿದ್ದರೆ ನಾನು ಈ ಲೇಖನವನ್ನು ಬೇರೆ ರೀತಿ ಬರೆಯುತ್ತಿದ್ದೆ.

ಕ್ರಿಕೆಟ್ ನೋಡಿದವರಿಗೆ ಇದು ಗೊತ್ತಿರುವ ಕತೆ

ಟೂರ್ನಿಯ ಗಾತ್ರ, ರೂಪ ಯಾರ ಅನುಕೂಲಕ್ಕೆ ಬದಲಾಗುತ್ತದೆ ಅನ್ನೋದು ನಮಗೆ ಹೊಸದಲ್ಲ. 2007ರ ವಿಶ್ವಕಪ್‌ನಲ್ಲಿ 16 ತಂಡಗಳಿದ್ದವು, ಗುಂಪಿಗೆ ನಾಲ್ಕು. ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ಬಾಂಗ್ಲಾದೇಶ, ಶ್ರೀಲಂಕಾ ವಿರುದ್ಧ ಸೋತು ಮೂರೇ ಪಂದ್ಯಕ್ಕೆ ವಾಪಸ್ ಬಂತು. 2011ರಲ್ಲಿ ರೂಪ ಬದಲಾಯಿತು. 14 ತಂಡ, ಗುಂಪಿಗೆ ಏಳು. ಪ್ರತಿ ತಂಡಕ್ಕೂ ಕನಿಷ್ಠ ಆರು ಪಂದ್ಯ. ದೊಡ್ಡ ತಂಡ ಒಂದು ಕೆಟ್ಟ ದಿನಕ್ಕೆ ಹೊರಬೀಳುವ ಭಯ ಕಡಿಮೆಯಾಯಿತು. ಅದೇ ವಿಶ್ವಕಪ್‌ನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐರ್ಲೆಂಡ್ ತಂಡ ಇಂಗ್ಲೆಂಡ್‌ನ 327 ರನ್‌ಗಳನ್ನು ಬೆನ್ನಟ್ಟಿ ಗೆದ್ದಿತು. ಕೆವಿನ್ ಒಬ್ರಿಯನ್ 50 ಎಸೆತಗಳಲ್ಲಿ ಶತಕ ಹೊಡೆದರು. ಎಂಟು ವರ್ಷದ ನಂತರ, 2019ರಲ್ಲಿ, ವಿಶ್ವಕಪ್ 10 ತಂಡಕ್ಕೆ ಇಳಿಯಿತು. ಐರ್ಲೆಂಡ್ ಅಲ್ಲಿ ಇರಲೇ ಇಲ್ಲ.

ಕ್ರಿಕೆಟ್ ಸಂಖ್ಯೆ ಇಳಿಸಿ ದೊಡ್ಡವರನ್ನು ಕಾಪಾಡಿತು. ಕಾಲೇಜು ಬ್ಯಾಸ್ಕೆಟ್‌ಬಾಲ್ ಸಂಖ್ಯೆ ಏರಿಸಿ ಅದೇ ಕೆಲಸ ಮಾಡಲು ಹೊರಟಿದೆ.

ಹೊಸ ಎಂಟು ಸ್ಥಾನ ಯಾರಿಗೆ?

ಹೆಚ್ಚಿಸಬೇಕು ಅನ್ನುವವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. 1985ರಲ್ಲಿ ಡಿವಿಷನ್ ಒನ್‌ನಲ್ಲಿ ಸುಮಾರು 280 ತಂಡಗಳಿದ್ದವು. ಅವುಗಳಲ್ಲಿ 64ಕ್ಕೆ ಅವಕಾಶ, ಅಂದರೆ ನೂರಕ್ಕೆ 23. ಈಗ 360ಕ್ಕೂ ಹೆಚ್ಚು ತಂಡಗಳಲ್ಲಿ 68, ಅಂದರೆ ನೂರಕ್ಕೆ 19 ಕೂಡ ಇಲ್ಲ. 2023ರ ಜನವರಿಯಲ್ಲಿ ಎನ್‌ಸಿಎಎಯ ಒಂದು ಸಮಿತಿ ವರದಿ ಕೊಟ್ಟಿತು. 200ಕ್ಕಿಂತ ಹೆಚ್ಚು ತಂಡಗಳಿರುವ ಆಟಗಳಲ್ಲಿ ಕಾಲು ಭಾಗ ತಂಡಗಳಿಗೆ ರಾಷ್ಟ್ರೀಯ ಟೂರ್ನಿಯಲ್ಲಿ ಆಡಲು ಅವಕಾಶ ಕೊಡುವುದನ್ನು ಯೋಚಿಸಬಹುದು ಎಂದು ಅದು ಹೇಳಿತು. ಆ ಲೆಕ್ಕದಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಸುಮಾರು 90 ತಂಡ ಆಗುತ್ತದೆ.

ಇದಕ್ಕೆ ನನ್ನ ಮೊದಲ ಉತ್ತರ: ಮಾರ್ಚ್ ಆರಂಭದ ಕಾನ್ಫರೆನ್ಸ್ ಟೂರ್ನಿಗಳನ್ನು ಮರೆಯಬೇಡಿ. ಅಲ್ಲಿ ಬಹುತೇಕ ಎಲ್ಲ ತಂಡಗಳೂ ಆಡುತ್ತವೆ. ವರ್ಷವಿಡೀ ಸೋತ ತಂಡವೂ ನಾಲ್ಕೈದು ದಿನ ಸತತ ಗೆದ್ದರೆ ನೇರವಾಗಿ ಒಳಗೆ ಬರಬಹುದು. ಆ ಅರ್ಥದಲ್ಲಿ ಟೂರ್ನಿ ಆಗಲೇ 300ಕ್ಕೂ ಹೆಚ್ಚು ತಂಡಗಳದ್ದು.

ಎರಡನೆಯದು ಇನ್ನೂ ಮುಖ್ಯ. ಚಾಂಪಿಯನ್‌ಗಳ ನೇರ ಸ್ಥಾನಗಳು ಕಾನ್ಫರೆನ್ಸ್‌ಗಳ ಸಂಖ್ಯೆಗೆ ಕಟ್ಟುಬಿದ್ದಿವೆ. ಟೂರ್ನಿ ದೊಡ್ಡದಾದ ಮಾತ್ರಕ್ಕೆ ಅವು ಹೆಚ್ಚುವುದಿಲ್ಲ. ಹಾಗಾಗಿ ಹೊಸ ಎಂಟು ಸ್ಥಾನಗಳೂ ಸಮಿತಿಯ ಕೈಗೆ ಹೋಗುತ್ತವೆ. ಸಮಿತಿಯ ಕಣ್ಣಿಗೆ ಯಾರು ಬೀಳುತ್ತಾರೆ? ಬಲಿಷ್ಠ ಎದುರಾಳಿಗಳ ವಿರುದ್ಧ ಆಡುವವರು. ದೊಡ್ಡ ಕಾನ್ಫರೆನ್ಸ್‌ಗಳೊಳಗೆ ಅಂಥ ಪಂದ್ಯ ವಾರಕ್ಕೆ ಎರಡು ಸಿಗುತ್ತವೆ. ಚಿಕ್ಕ ಕಾನ್ಫರೆನ್ಸ್‌ನ ಒಳ್ಳೆಯ ತಂಡದ ಜೊತೆ ಆಡಲು ದೊಡ್ಡವರು ಸುಲಭಕ್ಕೆ ಒಪ್ಪುವುದೇ ಇಲ್ಲ. ಗೆದ್ದರೆ ಹೆಸರು ಬರುವುದಿಲ್ಲ, ಸೋತರೆ ಮರ್ಯಾದೆ ಹೋಗುತ್ತದೆ.

2025ರ ಟೂರ್ನಿಯನ್ನೇ ನೋಡಿ. ಎಸ್‌ಇಸಿಯ 16 ತಂಡಗಳಲ್ಲಿ 14ಕ್ಕೆ ಸ್ಥಾನ ಸಿಕ್ಕಿತು. ಒಂದೇ ಕಾನ್ಫರೆನ್ಸ್‌ನಿಂದ ಅಷ್ಟು ತಂಡ ಅದೇ ಮೊದಲು. ಆ 14ರಲ್ಲಿ ಟೆಕ್ಸಾಸ್ ಕೂಡ ಒಂದು. ಕಾನ್ಫರೆನ್ಸ್‌ನ 18 ಲೀಗ್ ಪಂದ್ಯಗಳಲ್ಲಿ ಅದು 12 ಸೋತಿತ್ತು. ಫಸ್ಟ್ ಫೋರ್‌ನಲ್ಲಿ ಆಡಿ ಜೇವಿಯರ್ ಎದುರು ಸೋತು ಹೋಯಿತು. ಆ ವರ್ಷ ಎಸ್‌ಇಸಿ ನಿಜಕ್ಕೂ ಬಲಿಷ್ಠವಾಗಿತ್ತು, ಅದರದ್ದೇ ತಂಡ ಫ್ಲಾರಿಡಾ ಚಾಂಪಿಯನ್ ಆಯಿತು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 1974ರ ಮೇರಿಲ್ಯಾಂಡ್ ಥರದ ತಂಡ ಇವತ್ತು ಹೊರಗೆ ಉಳಿಯುತ್ತಿದೆಯೇ? ಇಲ್ಲ. ಇವತ್ತು ಹೊರಗೆ ಉಳಿಯುತ್ತಿರುವುದು ಗೆಲುವು ಸೋಲು ಸರಿಸಮ ಇರುವ ತಂಡಗಳು.

ಈಗ ಕೆಳಗೆ ಇಳಿಯುವವರ ಕಡೆ ಬರೋಣ. 76 ಮಾಡಿ, ಈಗಿನ ಅರ್ಧ ಅರ್ಧ ಪದ್ಧತಿಯನ್ನೇ ಮುಂದುವರಿಸಿದರೆ ಮುಂಚಿತ ಸುತ್ತಿನ 24 ತಂಡಗಳಲ್ಲಿ 12 ಚಿಕ್ಕ ಚಾಂಪಿಯನ್‌ಗಳು. ಈಗ ನಾಲ್ಕು. ಅಂದರೆ ಇನ್ನೂ ಎಂಟು ಚಾಂಪಿಯನ್‌ಗಳು ಮುಖ್ಯ ಸುತ್ತಿನ ಬಾಗಿಲಲ್ಲಿ ಕಾಯಬೇಕು. ಇವರು 16ನೇ ಸೀಡ್‌ನವರಷ್ಟೇ ಅಲ್ಲ. ಇವತ್ತು 15ನೇ ಸೀಡ್, ಅದರ ಆಸುಪಾಸು ಸಿಗುವ ತಂಡಗಳು. 2022ರಲ್ಲಿ ಜೆರ್ಸಿ ಸಿಟಿಯ ಸೇಂಟ್ ಪೀಟರ್ಸ್ ತಂಡ 15ನೇ ಸೀಡ್ ಆಗಿ ಬಂದು ಕೆಂಟಕಿಯನ್ನು ಸೋಲಿಸಿತು. ಆಮೇಲೆ ಮರ್ರಿ ಸ್ಟೇಟ್, ಪರ್ಡ್ಯೂ ತಂಡಗಳನ್ನೂ ಸೋಲಿಸಿ ಕೊನೆಯ ಎಂಟರೊಳಗೆ ಬಂತು. 15ನೇ ಸೀಡ್ ಅಲ್ಲಿಯವರೆಗೆ ಬಂದದ್ದು ಅದೇ ಮೊದಲು. ಅಂಥ ತಂಡ ಮಂಗಳವಾರವೇ ಇನ್ನೊಂದು ಚಿಕ್ಕ ಚಾಂಪಿಯನ್ ಎದುರು ಆಡಿ ಸೋತು ಹೋಗಿದ್ದರೆ, ದೇಶದ ಬಹುಪಾಲು ಜನರಿಗೆ ಅದರ ಹೆಸರೂ ತಿಳಿಯುತ್ತಿರಲಿಲ್ಲ.

ಇದಕ್ಕೆ ಎದುರು ಮಾತು ಇದೆ, ಹೇಳಲೇಬೇಕು. 1985ರಿಂದ 2025ರವರೆಗೆ 1ನೇ ಸೀಡ್ ಮತ್ತು 16ನೇ ಸೀಡ್ ನಡುವೆ 160 ಪಂದ್ಯ ನಡೆದಿವೆ. 16ನೇ ಸೀಡ್ ಗೆದ್ದದ್ದು ಎರಡೇ. 2018ರಲ್ಲಿ ಯುಎಂಬಿಸಿ ತಂಡ ವರ್ಜೀನಿಯಾವನ್ನು 74-54ರಿಂದ ಸೋಲಿಸಿತು. 2023ರಲ್ಲಿ ಫೇರ್‌ಲಿ ಡಿಕಿನ್ಸನ್ ತಂಡ ಪರ್ಡ್ಯೂವನ್ನು 63-58ರಿಂದ ಸೋಲಿಸಿತು. ಈ ಎರಡನೇ ತಂಡ ಬಂದದ್ದು ಡೇಟನ್‌ನ ಫಸ್ಟ್ ಫೋರ್‌ನಿಂದಲೇ! ಡಿವಿಷನ್ ಒನ್‌ನಲ್ಲೇ ಸರಾಸರಿ ಎತ್ತರ ಅತಿ ಕಡಿಮೆ ಇದ್ದ ತಂಡ ಅದು. ಎದುರಿಗಿದ್ದವರು ಏಳಡಿ ನಾಲ್ಕಂಗುಲದ ಜಾಕ್ ಈಡಿ. ಹಾಗಾಗಿ ಒಂದು ಗೆಲುವಿನ ಹುರುಪು ಹೊತ್ತು ಬರುವುದು ಲಾಭವೇ ಆಗಬಹುದು. ದುಡ್ಡಿನ ಲಾಭವೂ ಇದೆ. ಫೈನಲ್ ಬಿಟ್ಟು, ಒಂದು ತಂಡ ಆಡುವ ಪ್ರತಿ ಪಂದ್ಯಕ್ಕೂ ಅದರ ಕಾನ್ಫರೆನ್ಸ್‌ಗೆ ಒಂದು ಯೂನಿಟ್, ಅಂದರೆ ಹಂಚುವ ದುಡ್ಡಿನಲ್ಲಿ ಒಂದು ಪಾಲು, ಸಿಗುತ್ತದೆ. ಒಂದು ಯೂನಿಟ್ ಆರು ವರ್ಷಗಳಲ್ಲಿ ಸುಮಾರು 20 ಲಕ್ಷ ಡಾಲರ್ ತರುತ್ತದೆ. ಡೇಟನ್‌ನಲ್ಲಿ ಗೆದ್ದ ಚಿಕ್ಕ ತಂಡ ತನ್ನ ಕಾನ್ಫರೆನ್ಸ್‌ಗೆ ಎರಡನೇ ಯೂನಿಟ್ ತಂದುಕೊಡುತ್ತದೆ. ದೊಡ್ಡವರಿಗೆ ಇದು ಚಿಲ್ಲರೆ. ಚಿಕ್ಕ ಕಾನ್ಫರೆನ್ಸ್‌ಗೆ ದೊಡ್ಡ ಮೊತ್ತ.

ಆದರೆ ಯೂನಿಟ್‌ಗಳ ಲೆಕ್ಕವನ್ನೂ ಪೂರ್ತಿ ಮಾಡಬೇಕು. 67 ಪಂದ್ಯಗಳಿಗೆ ಒಟ್ಟು 132 ಯೂನಿಟ್. 75 ಪಂದ್ಯಗಳಾದರೆ 148. ಹಂಚುವ ದುಡ್ಡು ಅಷ್ಟೇ ಇದ್ದರೆ ಪ್ರತಿ ಯೂನಿಟ್‌ನ ಬೆಲೆ ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಟಿವಿ ಒಪ್ಪಂದವನ್ನು 2016ರಲ್ಲೇ 2032ರವರೆಗೆ, ಇನ್ನೂ 880 ಕೋಟಿ ಡಾಲರ್‌ಗೆ, ವಿಸ್ತರಿಸಿ ಆಗಿದೆ. ಹೊಸ ಪಂದ್ಯಗಳಿಗೆ ತಕ್ಕ ಹೊಸ ದುಡ್ಡು ಬಾರದಿದ್ದರೆ ಎಲ್ಲರ ಪಾಲೂ ಸವೆಯುತ್ತದೆ. ಆ ಸವೆತ ಮೊದಲು ತಟ್ಟುವುದು ವರ್ಷಕ್ಕೆ ಒಂದೇ ಯೂನಿಟ್ ನಂಬಿರುವವರಿಗೆ.

ಇನ್ನು ದಿನಗಳ ತೊಂದರೆ. ಭಾನುವಾರ ಸಂಜೆ ತಂಡಗಳ ಪಟ್ಟಿ ಪ್ರಕಟವಾಗುತ್ತದೆ. ಮಂಗಳವಾರ ಸಂಜೆ ಡೇಟನ್‌ನಲ್ಲಿ ಪಂದ್ಯ. ನಡುವೆ ಇರುವುದು ಒಂದು ದಿನ. ವಿಮಾನ ಹಿಡಿಯಬೇಕು, ಎದುರಾಳಿಯ ವಿಡಿಯೊ ನೋಡಬೇಕು, ಅಭ್ಯಾಸ ಮಾಡಬೇಕು. ಗೆದ್ದರೆ ಮತ್ತೆ ವಿಮಾನ, ಇನ್ನೊಂದು ಊರು, ಗುರುವಾರ ಅಥವಾ ಶುಕ್ರವಾರ ಇನ್ನೊಂದು ಪಂದ್ಯ. ಎಂಟು ತಂಡಗಳಿಗೆ ಇದನ್ನು ನಿಭಾಯಿಸುವುದು ಬೇರೆ, 24 ತಂಡಗಳಿಗೆ ಬೇರೆ. 12 ಪಂದ್ಯ ಒಂದೇ ಅಂಗಣದಲ್ಲಿ ಎರಡು ದಿನದಲ್ಲಿ ಮುಗಿಸುವುದೂ ಕಷ್ಟ.

ಮಹಿಳೆಯರ ಟೂರ್ನಿಯಲ್ಲಿ ಇದಕ್ಕೆ ದಾರಿ ಇದೆ

ಮಹಿಳೆಯರ ಟೂರ್ನಿ ಎನ್‌ಸಿಎಎ ಅಡಿಯಲ್ಲಿ ಶುರುವಾದದ್ದು 1982ರಲ್ಲಿ, 32 ತಂಡಗಳಿಂದ. 64 ಆಗಲು 1994 ಬರಬೇಕಾಯಿತು. 1998ರಲ್ಲಿ ಹಾರ್ವರ್ಡ್ ಮಹಿಳೆಯರು 16ನೇ ಸೀಡ್ ಆಗಿ 1ನೇ ಸೀಡ್ ಸ್ಟ್ಯಾನ್‌ಫರ್ಡ್ ತಂಡವನ್ನು 71-67ರಿಂದ ಸೋಲಿಸಿದರು, ಪುರುಷರಿಗಿಂತ ಪೂರ್ತಿ 20 ವರ್ಷ ಮುಂಚೆ. ಆದರೂ ಪುರುಷರದ್ದು 68 ಆದ ಮೇಲೂ ಮಹಿಳೆಯರದ್ದು 64ರಲ್ಲೇ ಉಳಿಯಿತು. 2021ರಲ್ಲಿ ಒರೆಗಾನ್ ತಂಡದ ಸೆಡೊನಾ ಪ್ರಿನ್ಸ್ ಒಂದು ವಿಡಿಯೊ ಹಾಕಿದರು. ಸ್ಯಾನ್ ಆಂಟೋನಿಯೊದಲ್ಲಿ ಮಹಿಳೆಯರಿಗೆ ವ್ಯಾಯಾಮಕ್ಕೆಂದು ಕೊಟ್ಟಿದ್ದು ಡಂಬೆಲ್‌ಗಳ ಒಂದೇ ಒಂದು ಸ್ಟ್ಯಾಂಡ್. ಪುರುಷರಿಗೆ ದೊಡ್ಡ ಸಭಾಂಗಣದ ತುಂಬ ಉಪಕರಣ. ವಿಡಿಯೊ ದೇಶವಿಡೀ ಹರಡಿತು. ಎನ್‌ಸಿಎಎ ಹೊರಗಿನ ವಕೀಲರಿಂದ ಪರಿಶೀಲನೆ ಮಾಡಿಸಿತು. 2022ರಲ್ಲಿ ಮಹಿಳೆಯರ ಟೂರ್ನಿಗೂ 68 ತಂಡ ಬಂದವು, ಮಾರ್ಚ್ ಮ್ಯಾಡ್‌ನೆಸ್ ಎಂಬ ಹೆಸರೂ ಬಂತು. ಯೂನಿಟ್ ದುಡ್ಡು ಬರಲು ಮಾತ್ರ 2025ರವರೆಗೆ ಕಾಯಬೇಕಾಯಿತು.

ಈ ಟೂರ್ನಿಯ ರೂಪದಲ್ಲಿ ಒಂದು ಒಳ್ಳೆಯ ಅಂಶ ಇದೆ. ಮೇಲಿನ 16 ತಂಡಗಳು ಮೊದಲೆರಡು ಸುತ್ತನ್ನು ತಮ್ಮ ಊರಲ್ಲೇ ನಡೆಸುತ್ತವೆ. ಫಸ್ಟ್ ಫೋರ್ ಪಂದ್ಯಗಳೂ ಆ ಊರುಗಳಲ್ಲೇ. ಗೆದ್ದ ತಂಡ ಅಲ್ಲೇ ಉಳಿದು ಮುಂದಿನ ಪಂದ್ಯ ಆಡುತ್ತದೆ. ನಡುವೆ ಇನ್ನೊಂದು ಊರಿಗೆ ಓಡುವ ತಾಪತ್ರಯ ಇಲ್ಲ. ಡೇಟನ್ ಜನ ಚಿಕ್ಕ ತಂಡಗಳಿಗೂ ಪ್ರೀತಿಯಿಂದ ಬಂದು ಕೂಗುತ್ತಾರೆ, ಅದನ್ನು ಕಳೆದುಕೊಳ್ಳುವುದು ನನಗೂ ಇಷ್ಟವಿಲ್ಲ. ಆದರೆ 12 ಪಂದ್ಯಗಳ ಸುತ್ತು ಬಂದರೆ ಪುರುಷರ ಟೂರ್ನಿಯೂ ಈ ದಾರಿ ಹಿಡಿಯುವುದೇ ಸರಿ.

ಸಂಖ್ಯೆ ಏರಿಸಲೇಬೇಕು ಎಂದಾದರೆ ನಾನು ಕೇಳುವ ಬದಲಾವಣೆ ಒಂದೇ. ಕಾನ್ಫರೆನ್ಸ್ ಗೆದ್ದ ಯಾವ ತಂಡವನ್ನೂ ಮುಂಚಿತ ಸುತ್ತಿಗೆ ಇಳಿಸಬೇಡಿ. 76ರಲ್ಲಿ ಚಾಂಪಿಯನ್‌ಗಳು 31 ಇದ್ದರೆ ಸಮಿತಿ ಆರಿಸಿದವರು 45. ಆ 45ರಲ್ಲಿ ಕೊನೆಯ 24 ತಂಡಗಳು ತಮ್ಮತಮ್ಮಲ್ಲೇ ಆಡಲಿ. ಗೆದ್ದ 12 ತಂಡ ಮುಖ್ಯ ಸುತ್ತಿಗೆ ಬರಲಿ. ಆಗ ಮಂಗಳವಾರ, ಬುಧವಾರದ ಪಂದ್ಯಗಳಲ್ಲಿ ಹೆಸರಿರುವ ತಂಡಗಳೇ ಜಾಸ್ತಿ ಇರುತ್ತವೆ, ಟಿವಿಯವರಿಗೂ ಅದೇ ಬೇಕು. ಹೊಸ ಸ್ಥಾನಗಳ ಲಾಭ ಪಡೆದವರೇ ಅದರ ಹೊರೆಯನ್ನೂ ಹೊರುತ್ತಾರೆ. ದೊಡ್ಡ ಕಾನ್ಫರೆನ್ಸ್‌ಗಳು ಇದಕ್ಕೆ ಒಪ್ಪುವುದು ಕಷ್ಟ. ಈಗ ನೇರವಾಗಿ ಮುಖ್ಯ ಸುತ್ತಿನಲ್ಲಿ ಆಡುವ ಅವರ ಎಷ್ಟೋ ತಂಡಗಳು ಮಂಗಳವಾರಕ್ಕೆ ಇಳಿಯಬೇಕಾಗುತ್ತದೆ. ಹೊಸ ರೂಪ ಪ್ರಕಟವಾದಾಗಲೆಲ್ಲ ನಾನು ಮೊದಲು ಹುಡುಕುವುದು ಈ ಒಂದು ಸಾಲನ್ನೇ: ಮುಂಚಿತ ಸುತ್ತಿನಲ್ಲಿ ಚಾಂಪಿಯನ್‌ಗಳು ಎಷ್ಟು, ಸಮಿತಿ ಆರಿಸಿದವರು ಎಷ್ಟು.